ಮೂಕಿ ಚಿತ್ರದಲ್ಲಿ ನಟಿಸಿದ ಮಂಗಳೂರಿನ ಕಮಲಾದೇವಿ

ನಮ್ಮ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಹರಿಯುವ ನೇತ್ರಾವತಿ ಕಡಲು ಸೇರುವುದು ಮಂಗಳೂರಿನಲ್ಲಿ. ಅದೇ ಮಂಗಳೂರಿನಲ್ಲಿ 1903ರ ಏಪ್ರಿಲ್ 3ರಂದು ಕಮಲಾದೇವಿ ಚಟ್ಟೋಪಾಧ್ಯಾಯ ಜನಿಸಿದರು. ಸ್ವಾತಂತ್ರ್ಯ ಹೋರಾಟಗಾರ್ತಿ ಎಂದು ಅವರನ್ನು ಬಲ್ಲ ಅನೇಕರಿಗೆ, ಅವರು ಮೂಕಿ ಚಿತ್ರದ ನಟಿಯೂ ಆಗಿದ್ದರೆಂಬುದು ತಿಳಿದಿಲ್ಲ.

ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ಅನಂತಯ್ಯ ಧಾರೇಶ್ವರ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿ ಮತ್ತು ಮಗಳು ಬರಿಗೈಯಲ್ಲಿ ಉಳಿದರು. ಹದಿನಾಲ್ಕನೇ ವಯಸ್ಸಿನಲ್ಲಿ ಮದುವೆ. ಎರಡೇ ವರ್ಷಗಳಲ್ಲಿ ವೈಧವ್ಯ. ನಮ್ಮ ಕಾಲೇಜಿನ ವಿದ್ಯಾರ್ಥಿನಿಯರ ವಯಸ್ಸು ಅದು! ಆದರೂ ಅವರು ಓದು ಬಿಡಲಿಲ್ಲ. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜು ಸೇರಿದರು. ಅಲ್ಲಿ ಪರಿಚಯವಾದ ಗೆಳತಿಯ ಅಣ್ಣ, ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವಿವಾಹವಾದರು. ವಿಧವೆಯ ಮರುಮದುವೆಯನ್ನು ಸಂಪ್ರದಾಯಸ್ಥರು ಬಲವಾಗಿ ವಿರೋಧಿಸಿದರೂ ಅವರು ಹಿಂಜರಿಯಲಿಲ್ಲ.

ಆ ಕಾಲದಲ್ಲಿ ಮನೆತನಸ್ಥ ಹೆಣ್ಣುಮಕ್ಕಳು ನಟಿಸುವುದು ಅವಮಾನವೆನಿಸಿತ್ತು. 1913ರ 'ರಾಜಾ ಹರಿಶ್ಚಂದ್ರ' ಚಿತ್ರದಲ್ಲಿ ರಾಣಿಯ ಪಾತ್ರವನ್ನು ಗಂಡಸೇ ಮಾಡಬೇಕಾಯಿತು. ಮುಂದೆ ಫಾತ್ಮಾ ಬೇಗಂ ನಟಿಯಾಗಿ ಬಂದು, 1926ರಲ್ಲಿ 'ಬುಲ್‌ಬುಲ್-ಎ-ಪರಿಸ್ತಾನ್' ಚಿತ್ರವನ್ನು ನಿರ್ದೇಶಿಸಿ ದೇಶದ ಮೊದಲ ನಿರ್ದೇಶಕಿಯಾದರು. ಇಂಥ ಹೊತ್ತಿನಲ್ಲಿ ಕಮಲಾದೇವಿಯೂ ರಂಗಭೂಮಿಗೆ ಇಳಿದರು. 1930ರ ಆಸುಪಾಸಿನಲ್ಲಿ ಮೋಹನ್ ಭವನಾನಿ ನಿರ್ದೇಶಿಸಿದ, ಶೂದ್ರಕನ 'ಮೃಚ್ಛಕಟಿಕ' ನಾಟಕವನ್ನು ಆಧರಿಸಿದ 'ವಸಂತಸೇನಾ' ಮೂಕಿ ಚಿತ್ರದಲ್ಲಿ ನಟಿಸಿದರು. ಅದರ ನಾಯಕಿ ಏಣಾಕ್ಷಿ ರಾಮರಾವ್. 1943ರಲ್ಲಿ ಸೈಗಲ್ ನಾಯಕರಾಗಿದ್ದ 'ತಾನ್‌ಸೇನ್' ಎಂಬ ಮಾತಿನ ಚಿತ್ರದಲ್ಲಿಯೂ ಅವರು ಕಾಣಿಸಿಕೊಂಡರು.

ತೆರೆಯ ಮೇಲೆ ಮಾತಿಲ್ಲದಿದ್ದರೂ ಹೊರಗೆ ಅವರು ಮೌನವಾಗಿರಲಿಲ್ಲ. 1926ರಲ್ಲೇ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತು, ಅಲ್ಪ ಮತಗಳಿಂದ ಸೋತಿದ್ದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಅವಕಾಶ ಬೇಕೆಂದು ಗಾಂಧೀಜಿಯವರನ್ನೇ ಒಪ್ಪಿಸಿದರು. ಬೊಂಬಾಯಿಯಲ್ಲಿ ಉಪ್ಪು ಮಾರಿ ಜೈಲಿಗೆ ಹೋದರು.

ದೇಶ ವಿಭಜನೆಯಾದಾಗ ಮನೆಮಠ ಕಳೆದುಕೊಂಡು ಬಂದವರಿಗೆ ಫರೀದಾಬಾದಿನಲ್ಲಿ ನೆಲೆ ಒದಗಿಸಲು ದುಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ, ಊರೂರು ಸುತ್ತಿ ನೇಕಾರ, ಕುಂಬಾರ, ಬಡಗಿಗಳ ಕಸುಬುಗಳಿಗೆ ಮಾರುಕಟ್ಟೆ ಹುಡುಕಿಕೊಟ್ಟರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. 1988ರ ಅಕ್ಟೋಬರ್ 29ರಂದು ಅವರು ನಿಧನರಾದರು.

ತಂದೆಯ ಆಸ್ತಿಯಲ್ಲಿ ಒಂದು ಕಾಸೂ ಸಿಗದ ಆ ಹುಡುಗಿಯ ಬಳಿ ಉಳಿದದ್ದು ತಾಯಿ ಕೊಡಿಸಿದ ಓದು ಮಾತ್ರ. ಅದನ್ನು ಯಾವ ಕಾನೂನೂ ಕಿತ್ತುಕೊಳ್ಳಲಾಗಲಿಲ್ಲ. ಮದುವೆಗೆಂದು ಓದು ನಿಲ್ಲಿಸುವ ಮಾತು ಯಾವ ಮನೆಯಲ್ಲಿ ಬಂದರೂ, ನಮ್ಮ ಜಿಲ್ಲೆಯ ಈ ಮಗಳ ಕಥೆಯನ್ನು ಅಲ್ಲಿ ಒಮ್ಮೆ ಹೇಳೋಣ.