ಕಲೆಯ ತಪಸ್ವಿ ಹೊಕುಸಾಯ್

ಜಪಾನಿನ ರಾಜಧಾನಿಯಾದ ಟೋಕಿಯೋ ನಗರಕ್ಕೆ ಹಿಂದೆ ಎದೋ ಎಂಬ ಹೆಸರಿತ್ತು. ಹದಿನೆಂಟನೆಯ ಶತಮಾನದಲ್ಲಿ ಅದು ವರ್ತಕರಿಂದಲೂ ಕುಶಲಕರ್ಮಿಗಳಿಂದಲೂ ತುಂಬಿದ ಮಹಾನಗರವಾಗಿತ್ತು. ನಾಟಕ, ಕುಸ್ತಿ, ಋತುಋತುವಿನ ಉತ್ಸವಗಳು ಅಲ್ಲಿನ ಜನರ ಮನಸ್ಸನ್ನು ಸೆಳೆದಿದ್ದವು. ಈ ಬದುಕನ್ನು ಬಿಂಬಿಸಿದ ಚಿತ್ರಗಳಿಗೆ ಉಕಿಯೋ-ಎ, ಎಂದರೆ ತೇಲುವ ಲೋಕದ ಚಿತ್ರಗಳು, ಎಂದು ಹೆಸರು. ಮರದ ಅಚ್ಚಿನಿಂದ ನೂರಾರು ಪ್ರತಿಗಳನ್ನು ತೆಗೆಯುತ್ತಿದ್ದುದರಿಂದ ಅವು ಸಾಮಾನ್ಯರ ಕೈಗೂ ಎಟುಕುತ್ತಿದ್ದವು. ಈ ಕಲೆಗೆ ಜಗತ್ತಿನ ಮನ್ನಣೆಯನ್ನು ತಂದವರಲ್ಲಿ ಕತ್ಸುಷಿಕ ಹೊಕುಸಾಯ್ ಅಗ್ರಗಣ್ಯನು.

ಹೊಕುಸಾಯ್ 1760ರಲ್ಲಿ ಎದೋ ನಗರದಲ್ಲಿ ಜನಿಸಿದನು. ಕಂಡದ್ದನ್ನೆಲ್ಲ ಚಿತ್ರಿಸುವ ಹಂಬಲ ಬಾಲ್ಯದಲ್ಲಿಯೇ ಅವನಲ್ಲಿ ಮೂಡಿತ್ತು. ಹದಿಹರೆಯದಲ್ಲಿ ಅವನು ಅಚ್ಚಿನ ಹಲಗೆಗಳನ್ನು ಕೆತ್ತುವ ಕೆಲಸವನ್ನು ಕಲಿತನು. ಬಳಿಕ, ನಟರ ಚಿತ್ರಗಳಿಗೆ ಹೆಸರಾಗಿದ್ದ ಕತ್ಸುಕಾವ ಷುನ್‌ಷೋ ಎಂಬ ಗುರುವಿನ ಶಿಷ್ಯನಾದನು. ಗುರುವಿನ ಮರಣಾನಂತರ ಆ ಪಂಥದಿಂದ ಹೊರಬಂದು, ಚೀನೀ ಮತ್ತು ಐರೋಪ್ಯ ಚಿತ್ರಪದ್ಧತಿಗಳನ್ನೂ ಅಭ್ಯಾಸ ಮಾಡಿದನು. ಜೀವಮಾನದಲ್ಲಿ ಅವನು ಮೂವತ್ತಕ್ಕೂ ಹೆಚ್ಚು ಬಾರಿ ಹೆಸರನ್ನು ಬದಲಿಸಿಕೊಂಡನು. ಹಳೆಯ ಕೀರ್ತಿಗೆ ಅಂಟಿಕೊಳ್ಳುವುದು ಅವನ ಸ್ವಭಾವವಾಗಿರಲಿಲ್ಲ.

ಮರದಚ್ಚಿನ ಚಿತ್ರವು ಒಬ್ಬನ ದುಡಿಮೆಯ ಫಲವಲ್ಲ. ಕಲಾವಿದನು ತೆಳುವಾದ ಕಾಗದದ ಮೇಲೆ ಬರೆದ ಚಿತ್ರವನ್ನು ಕೆತ್ತನೆಗಾರನು ಚೆರಿ ಮರದ ಹಲಗೆಗೆ ಅಂಟಿಸಿ, ಗೆರೆಗಳು ಮಾತ್ರ ಉಬ್ಬಿ ನಿಲ್ಲುವಂತೆ ಕೊರೆಯುವನು. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚುಗಳು ಬೇಕು. ಮುದ್ರಕನು ಬಣ್ಣವನ್ನು ಸವರಿ, ಕಾಗದವನ್ನಿಟ್ಟು, ಹದವರಿತು ಉಜ್ಜಿ ಅಚ್ಚೊತ್ತುವನು. ಪ್ರಕಾಶಕನು ಬಂಡವಾಳ ಹೂಡಿ ಚಿತ್ರಗಳನ್ನು ಮಾರುವನು. ಎಳೆತನದಲ್ಲಿ ಉಳಿಯನ್ನು ಹಿಡಿದಿದ್ದ ಹೊಕುಸಾಯ್‌ಗೆ ಈ ಎಲ್ಲರ ಶ್ರಮದ ಅರಿವಿತ್ತು.

ಮುಪ್ಪಿನಲ್ಲಿ ಅವನಿಗೆ ಕಷ್ಟಗಳು ಒಂದರ ಮೇಲೊಂದು ಬಂದವು. 1828ರಲ್ಲಿ ಪತ್ನಿ ತೀರಿಕೊಂಡಳು. ಮೊಮ್ಮಗನ ದುಂದುಗಾರಿಕೆಯಿಂದ ಸಾಲದ ಹೊರೆ ಬಿದ್ದಿತು. ಆದರೂ ಅವನ ಶ್ರೇಷ್ಠ ಕೃತಿಗಳು ಮೂಡಿದ್ದು ಈ ದಿನಗಳಲ್ಲಿಯೇ. ಎಪ್ಪತ್ತರ ಆಸುಪಾಸಿನಲ್ಲಿ ಅವನು ಫುಜಿ ಪರ್ವತದ ಮೂವತ್ತಾರು ನೋಟಗಳನ್ನು ಆರಂಭಿಸಿದನು. ಜನರ ಮೆಚ್ಚುಗೆಯಿಂದ ಅವು ನಲವತ್ತಾರಕ್ಕೆ ಬೆಳೆದವು. ಅವುಗಳಲ್ಲಿ ಮಹಾ ಅಲೆಯ ಚಿತ್ರವು ವಿಶ್ವವಿಖ್ಯಾತವಾದುದು. ಬೆಟ್ಟದಂತೆ ಎದ್ದ ಅಲೆ, ಅದರಡಿ ಮೂರು ದೋಣಿಗಳಲ್ಲಿ ಬಾಗಿ ಕುಳಿತ ಅಂಬಿಗರು, ದೂರದಲ್ಲಿ ಪುಟ್ಟದಾಗಿ ಕಾಣುವ ಅಚಲವಾದ ಫುಜಿ! ಯುರೋಪಿನಲ್ಲಿ ಕಂಡುಹಿಡಿಯಲಾಗಿದ್ದ ಹೊಸ ನೀಲಿ ಬಣ್ಣವು ಕಡಲಿಗೆ ಆಳವನ್ನು ತಂದಿತು.

1839ರಲ್ಲಿ ಬೆಂಕಿಯು ಅವನ ಮನೆಯನ್ನೂ ಅಲ್ಲಿದ್ದ ಚಿತ್ರರಾಶಿಯನ್ನೂ ಆಹುತಿ ತೆಗೆದುಕೊಂಡಿತು. ಆಗ ಅವನಿಗೆ ಎಪ್ಪತ್ತೊಂಬತ್ತು ವರ್ಷ. ಆದರೂ ಅವನು ಕುಂಚವನ್ನು ಕೆಳಗಿಡಲಿಲ್ಲ. ಸ್ವತಃ ಕಲಾವಿದೆಯಾಗಿದ್ದ ಮಗಳು ಓಯಿ ಅವನಿಗೆ ಆಸರೆಯಾದಳು. 1849ರಲ್ಲಿ ಮರಣಶಯ್ಯೆಯಲ್ಲಿದ್ದಾಗಲೂ, ಇನ್ನೈದು ವರ್ಷ ಆಯುಸ್ಸು ದೊರೆತರೆ ತಾನು ನಿಜವಾದ ಚಿತ್ರಕಾರನಾಗುವೆನೆಂದು ಅವನು ಹಂಬಲಿಸಿದನೆಂದು ಪ್ರತೀತಿ.

ಮುಂದೆ ಅವನ ಚಿತ್ರಗಳು ಯುರೋಪನ್ನು ತಲುಪಿ, ಮೋನೆ, ವ್ಯಾನ್ ಗೋ ಮೊದಲಾದವರನ್ನು ಬೆರಗುಗೊಳಿಸಿದವು. 2024ರಲ್ಲಿ ಜಪಾನು ಹೊರತಂದ ಸಾವಿರ ಯೆನ್ನಿನ ನೋಟಿನ ಮೇಲೆ ಆ ಮಹಾ ಅಲೆಯೇ ಮುದ್ರಿತವಾಯಿತು. ತೊಂಬತ್ತರ ಹೊಸ್ತಿಲಲ್ಲಿಯೂ ತಾನಿನ್ನೂ ವಿದ್ಯಾರ್ಥಿಯೆಂದೇ ಭಾವಿಸಿದ ಆ ವಿನಯವೇ ಹೊಕುಸಾಯ್‌ನ ಹಿರಿಮೆ.