ಹೈದರ್ ಅಲಿಯ ಕೊನೆಯ ಪಯಣ: ಸಾವನ್ನು ಬಚ್ಚಿಟ್ಟ ಪರಿಮಳದ ಪೆಟ್ಟಿಗೆ

ಬಳ್ಳಾರಿಯ ಕೋಟೆ ಗುಡ್ಡವನ್ನು ಕಂಡವರಿಗೆಲ್ಲ ಒಂದು ಕಥೆ ಗೊತ್ತು. ಕೆಳಕೋಟೆಯನ್ನು ಕಟ್ಟಿಸಿದ ಹೈದರ್ ಅಲಿಗೆ, ಎದುರಿನ ಕುಂಬಾರ ಗುಡ್ಡವೇ ಕೋಟೆಗಿಂತ ಆಯಕಟ್ಟಿನ ಎತ್ತರದಲ್ಲಿದೆ ಎಂಬುದು ಕೆಲಸ ಮುಗಿದ ಮೇಲೆ ಹೊಳೆಯಿತಂತೆ. ಆ ಸಿಟ್ಟಿಗೆ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದನಂತೆ. ಕಥೆ ನಿಜವೋ ಐತಿಹ್ಯವೋ, ಊರಿನವರ ನಾಲಗೆಯ ಮೇಲೆ ಇಂದಿಗೂ ಉಳಿದಿದೆ. ಆದರೆ ಕೋಟೆ ಕಟ್ಟಿಸಿದವನ ಸಾವಿನ ಕಥೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಬಳ್ಳಾರಿಯನ್ನು ಗೆದ್ದ ಏಳು ವರ್ಷಗಳಲ್ಲಿ ಆತ ಯುದ್ಧಭೂಮಿಯ ಬಿಡಾರದಲ್ಲಿ ಕಣ್ಣುಮುಚ್ಚಿದ. ಆಗ ಮೈಸೂರು ರಾಜ್ಯದ ಅಳಿವು ಉಳಿವು ಆತನ ಮೃತದೇಹವನ್ನು ಎಷ್ಟು ಗುಟ್ಟಾಗಿ ಕಾಪಾಡಬಹುದು ಎಂಬ ಪ್ರಶ್ನೆಯನ್ನು ಅವಲಂಬಿಸಿ ನಿಂತಿತ್ತು.

ಬೂದಿಕೋಟೆಯ ಬಾಲಕ

ಹೈದರ್ ಅಲಿ ಹುಟ್ಟಿದ್ದು 1720ರ ಆಸುಪಾಸಿನಲ್ಲಿ, ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ತಂದೆ ಫತ್ ಮಹಮ್ಮದ್ ಶಿರಾದ ನವಾಬರ ಸೇವೆಯಲ್ಲಿದ್ದ ಸೇನಾಧಿಕಾರಿ. ಮಗ ಇನ್ನೂ ಚಿಕ್ಕವನಿರುವಾಗಲೇ ಆತ ಕಾಳಗದಲ್ಲಿ ಮಡಿದು ಕೋಲಾರದಲ್ಲಿ ಸಮಾಧಿಯಾದ. ತಂದೆಯ ಸಾಲದ ನೆಪದಲ್ಲಿ ದೊಡ್ಡಬಳ್ಳಾಪುರದ ಅಧಿಕಾರಿಯು ಹೈದರ್ ಮತ್ತು ಆತನ ಅಣ್ಣ ಶಹಬಾಜನನ್ನು ನಗಾರಿಯೊಳಗೆ ತುರುಕಿ ಹಿಂಸಿಸಿದನೆಂದು ಚರಿತ್ರೆಕಾರರು ಬರೆದಿದ್ದಾರೆ.

ಅಣ್ಣನ ಬೆನ್ನುಹಿಡಿದು ಮೈಸೂರಿನ ಸೈನ್ಯ ಸೇರಿದ ಹೈದರ್, 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ತೋರಿದ ಧೈರ್ಯದಿಂದ ದಳವಾಯಿ ನಂಜರಾಜಯ್ಯನ ಕಣ್ಣಿಗೆ ಬಿದ್ದ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ. 1761ರ ವೇಳೆಗೆ ಒಡೆಯರನ್ನು ಗಾದಿಯ ಮೇಲೆ ಹೆಸರಿಗಷ್ಟೇ ಉಳಿಸಿ, ರಾಜ್ಯದ ಸಮಸ್ತ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡ. 1763ರಲ್ಲಿ ಬಿದನೂರು ಆತನ ವಶವಾಯಿತು. 1769ರಲ್ಲಿ ಮದರಾಸಿನ ಬಾಗಿಲವರೆಗೆ ನುಗ್ಗಿ, ಇಂಗ್ಲಿಷ್ ಕಂಪನಿಯನ್ನು ಒಪ್ಪಂದಕ್ಕೆ ಬಗ್ಗಿಸಿದ.

ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ಮುನ್ಷಿಗಳು ಓದಿ ಹೇಳಿದ ಪತ್ರಗಳನ್ನೂ ಲೆಕ್ಕಗಳನ್ನೂ ಆತ ನೆನಪಿನಲ್ಲೇ ಇಟ್ಟುಕೊಳ್ಳುತ್ತಿದ್ದ. ಗಡ್ಡ, ಮೀಸೆಯಷ್ಟೇ ಅಲ್ಲದೆ ಹುಬ್ಬನ್ನೂ ಬೋಳಿಸಿಕೊಳ್ಳುತ್ತಿದ್ದ ಆತನ ಮುಖವನ್ನು ಸಾಮಾನ್ಯ ಸಿಪಾಯಿಯೂ ದೂರದಿಂದಲೇ ಗುರುತಿಸಬಲ್ಲವನಾಗಿದ್ದ. ವಂಶದ ಬಲವಾಗಲಿ, ಪಟ್ಟಾಭಿಷೇಕದ ಮುದ್ರೆಯಾಗಲಿ ಇಲ್ಲದ ಆ ಆಳ್ವಿಕೆಗೆ ಆತನ ಜೀವಂತ ಇರವೇ ಆಧಾರವಾಗಿತ್ತು. ಸಾವಿನ ಹೊತ್ತಿನಲ್ಲಿ ಮಂತ್ರಿಗಳನ್ನು ಕಾಡಿದ್ದು ಇದೇ ಸಂಗತಿ.

1775: ಬಳ್ಳಾರಿಯ ಗೆಲುವು

ಆದವಾನಿಯನ್ನು ಆಗ ಹೈದರಾಬಾದಿನ ನಿಜಾಮನ ಸಹೋದರ ಬಸಾಲತ್ ಜಂಗ್ ಆಳುತ್ತಿದ್ದ. ಆತನಿಗೆ ಕಪ್ಪ ಕೊಡಬೇಕಾಗಿದ್ದ ಬಳ್ಳಾರಿಯ ಪಾಳೆಯಗಾರ ದೊಡ್ಡಪ್ಪ ನಾಯಕ ತಿರುಗಿಬಿದ್ದಾಗ, ಫ್ರೆಂಚ್ ಸೇನಾನಿ ಲಾಲಿಯನ್ನೊಳಗೊಂಡ ಸೈನ್ಯ ಬಳ್ಳಾರಿಯನ್ನು ಮುತ್ತಿತು. ಪಾಳೆಯಗಾರ ಹೈದರನ ನೆರವು ಬೇಡಿದ. ಶ್ರೀರಂಗಪಟ್ಟಣದಿಂದ ಹಗಲಿರುಳೆನ್ನದೆ ದಂಡು ನಡೆಸಿಕೊಂಡು ಬಂದ ಹೈದರ್, ಮುತ್ತಿಗೆ ಹಾಕಿದ್ದವರ ಮೇಲೆ ಅವರು ಎಣಿಸದ ಹೊತ್ತಿನಲ್ಲಿ ಎರಗಿದ. ಲಾಲಿ ತಪ್ಪಿಸಿಕೊಂಡು ಓಡಿದ. ನೆರವಿಗೆ ಬಂದವನು ಕೋಟೆಯನ್ನು ತಾನೇ ಇಟ್ಟುಕೊಂಡ.

ಗುಡ್ಡದ ಬುಡದಲ್ಲಿ ಕೆಳಕೋಟೆ ಎದ್ದದ್ದು ಆ ಬಳಿಕ. ಬಳ್ಳಾರಿ ಕೈಸೇರಿದವನಿಗೆ ಕುರುಗೋಡಿನ ಕಲ್ಲುಗುಡ್ಡಗಳಿಂದ ಹಿಡಿದು ಸಿರುಗುಪ್ಪದ ತುಂಗಭದ್ರೆಯ ಬಯಲಿನವರೆಗೆ ದಂಡಿನ ದಾರಿ ತೆರೆದಂತಾಯಿತು. ಸಿರುಗುಪ್ಪದಿಂದ ಪೂರ್ವಕ್ಕೆ ಆದವಾನಿ ಬಹಳ ದೂರವೇನಲ್ಲ. ಬಸಾಲತ್ ಜಂಗ್ ಹಣ ತೆತ್ತು ಹೈದರನನ್ನು ಹಿಂದೆ ಕಳುಹಿಸಬೇಕಾಯಿತು. ಮರುವರ್ಷ ಮುರಾರಿರಾವ್ ಘೋರ್ಪಡೆಯ ಗುತ್ತಿ, 1779ರಲ್ಲಿ ಮದಕರಿ ನಾಯಕನ ಚಿತ್ರದುರ್ಗ ಮೈಸೂರಿನ ವಶವಾದವು.

ಅದೇ ವರ್ಷ, ಲಂಡನ್ನಿನಲ್ಲಿ

ಬಳ್ಳಾರಿಗೆ ಸಂಬಂಧವೇ ಇಲ್ಲದ ಒಂದು ಘಟನೆ ಅದೇ 1775ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಹೈದರನ ಸಾವಿನ ಕಥೆಯನ್ನು ಅರಿಯಲು ಅದನ್ನು ಇಲ್ಲಿ ನೆನೆಯಬೇಕು. ಅಲ್ಲಿನ ದಂತವೈದ್ಯ ಮಾರ್ಟಿನ್ ವಾನ್ ಬುಚೆಲ್ಲನ ಪತ್ನಿ ಮೇರಿ ಜನವರಿಯಲ್ಲಿ ತೀರಿಕೊಂಡಳು. ಅಂಗರಚನಾ ಶಾಸ್ತ್ರದ ಹೆಸರಾಂತ ಶಿಕ್ಷಕ ವಿಲಿಯಂ ಹಂಟರ್ ತನ್ನ ಸಹಾಯಕ ಕ್ರುಕ್‌ಶಾಂಕನೊಂದಿಗೆ ಆಕೆಯ ದೇಹವನ್ನು ಸಂರಕ್ಷಿಸಿದ. ಟರ್ಪೆಂಟೈನ್ ಎಣ್ಣೆಗೆ ಕೆಂಬಣ್ಣ ಬೆರೆಸಿ ರಕ್ತನಾಳಗಳ ಮೂಲಕ ಒಳಗೆ ಹರಿಸುವುದು, ಕರ್ಪೂರ ಬೆರೆತ ಮದ್ಯಸಾರವನ್ನು ಬಳಸುವುದು, ತೇವ ಹೀರಲು ದೇಹವನ್ನು ಸುಟ್ಟ ಜಿಪ್ಸಂ ಪುಡಿಯ ಮೇಲೆ ಮಲಗಿಸುವುದು, ಇದು ಆತನ ಕ್ರಮ. ಪತಿ ಆ ದೇಹವನ್ನು ಮನೆಯಲ್ಲಿಯೇ ಪ್ರದರ್ಶನಕ್ಕಿಟ್ಟಿದ್ದ. ಮುಂದೆ ಅದು ಶಸ್ತ್ರವೈದ್ಯರ ಸಂಗ್ರಹಾಲಯ ಸೇರಿ, 1941ರ ಬಾಂಬ್ ದಾಳಿಯಲ್ಲಿ ನಾಶವಾಯಿತು.

ಹಂಟರನ ವಿಧಾನದ ಹಿಂದೆ ಒಂದು ಸಿದ್ಧಾಂತವಿತ್ತು. ರಕ್ತ ದೇಹದಲ್ಲಿ ಸುತ್ತುತ್ತದೆ ಎಂಬುದನ್ನು ವಿಲಿಯಂ ಹಾರ್ವೆ 1628ರಲ್ಲಿ ನಿರೂಪಿಸಿದ್ದ. ಧಮನಿಗಳು ದೇಹದ ಮೂಲೆಮೂಲೆಗೂ ರಕ್ತವನ್ನು ಒಯ್ಯುತ್ತವೆ ಎಂದಾದರೆ, ಸತ್ತ ಮೇಲೆ ಅದೇ ದಾರಿಯಲ್ಲಿ ಸಂರಕ್ಷಕ ದ್ರವವನ್ನು ಒಯ್ಯಬಹುದು. ಇಂದು ಎಂಬಾಮಿಂಗ್ ಎನಿಸಿಕೊಂಡಿರುವ ವಿದ್ಯೆಯ ತಳಹದಿ ಇದೇ. ಹಂಟರ್ ಅದನ್ನು ತನ್ನ ಶಾಲೆಯಲ್ಲಿ ಉಪನ್ಯಾಸವಾಗಿ ಹೇಳಿಕೊಡುತ್ತಿದ್ದ. ಏಳು ವರ್ಷಗಳ ಬಳಿಕ ದಕ್ಷಿಣ ಭಾರತದ ಒಂದು ಸೇನಾ ಬಿಡಾರದಲ್ಲಿ ಇಂಥದೇ ಕೆಲಸ ಎದುರಾದಾಗ ಅಲ್ಲಿದ್ದವರ ಕೈಯಲ್ಲಿ ಈ ವಿಧಾನವಿರಲಿಲ್ಲ.

ಬೆನ್ನುಫಣಿ

1780ರ ಜುಲೈಯಲ್ಲಿ ಹೈದರ್ 80 ಸಾವಿರಕ್ಕೂ ಮಿಗಿಲಾದ ದಂಡಿನೊಂದಿಗೆ ಘಟ್ಟವಿಳಿದು ಆರ್ಕಾಟಿನ ಸೀಮೆಯನ್ನು ಹೊಕ್ಕ. ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನುಚ್ಚುನೂರಾಯಿತು. ಮರುವರ್ಷ ಜುಲೈ 1ರಂದು ಪೋರ್ಟೊ ನೋವೊದಲ್ಲಿ ಸರ್ ಐರ್ ಕೂಟನು ಹೈದರನನ್ನು ಸೋಲಿಸಿದ. ಯುದ್ಧ ಎಳೆದಾಡುತ್ತಲೇ ಹೋಯಿತು.

1782ರ ಕೊನೆಯಲ್ಲಿ ಹೈದರನ ಬೆನ್ನಿನ ಮೇಲೆ ಹುಣ್ಣು ಕಾಣಿಸಿಕೊಂಡಿತು. ಬೆನ್ನುಫಣಿ ಎಂದು ಜನ ಭಯದಿಂದ ಹೆಸರಿಸುತ್ತಿದ್ದ ಕಾಯಿಲೆ. ಕೆಲವು ಬರಹಗಾರರು ಅದನ್ನು ಅರ್ಬುದವೆಂದೂ ಹೇಳಿದ್ದಾರೆ. ಯಾವ ಚಿಕಿತ್ಸೆಯೂ ಫಲಿಸಲಿಲ್ಲ. ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ನರಸಿಂಗರಾಯನಪೇಟೆಯ ಬಿಡಾರದಲ್ಲಿ ಹೈದರ್ ಅಸುನೀಗಿದ. ಉತ್ತರಾಧಿಕಾರಿ ಟಿಪ್ಪು ಆಗ ನೂರಾರು ಮೈಲಿ ದೂರದ ಮಲಬಾರಿನಲ್ಲಿ ಇಂಗ್ಲಿಷರೊಂದಿಗೆ ಕಾದಾಡುತ್ತಿದ್ದ.

ಪೆಟ್ಟಿಗೆಯ ಗುಟ್ಟು

ನಿರ್ಧಾರದ ಹೊಣೆ ಪೂರ್ಣಯ್ಯ ಮತ್ತು ಕೃಷ್ಣರಾವ್ ಎಂಬ ಇಬ್ಬರು ಮಂತ್ರಿಗಳ ಮೇಲೆ ಬಿತ್ತು. ಸಾವಿನ ಸುದ್ದಿ ಹಬ್ಬಿದರೆ ದಂಡು ಚದುರಬಹುದು. ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನನ್ನು ಗಾದಿಗೇರಿಸಲು ಯಾರಾದರೂ ಯತ್ನಿಸಬಹುದು. ಇಂಗ್ಲಿಷರು ಮೇಲೆ ಬೀಳಬಹುದು. ಅವರು ಸಾವನ್ನು ಬಚ್ಚಿಡಲು ತೀರ್ಮಾನಿಸಿದರು. ಟಿಪ್ಪುವಿನ ಬಳಿಗೆ ಗುಟ್ಟಾಗಿ ದೂತ ಹೊರಟ.

ದೇಹವನ್ನು ದೊಡ್ಡ ಪೆಟ್ಟಿಗೆಯೊಂದರಲ್ಲಿರಿಸಿ, ಸುತ್ತಲೂ ಅಬೀರ್ ಎಂಬ ಸುಗಂಧದ ಪುಡಿಯನ್ನು ತುಂಬಲಾಯಿತು. ಬಳಿಕ ಅದನ್ನು ಬೆಲೆಬಾಳುವ ಖಜಾನೆಯೆಂಬಂತೆ ಕಾವಲಿನೊಂದಿಗೆ ಕೋಲಾರಕ್ಕೆ ಸಾಗಿಸಲಾಯಿತು. ಹಾದಿಯಲ್ಲಿ ಕಂಡವರಿಗೆ ಅದು ಖಜಾನೆಯ ಪೆಟ್ಟಿಗೆ. ಒಳಗಿದ್ದದ್ದು ಇಪ್ಪತ್ತು ವರ್ಷ ರಾಜ್ಯವಾಳಿದವನ ದೇಹ.

ಈ ಉಪಾಯದಲ್ಲಿ ಎಷ್ಟು ವಿಜ್ಞಾನವಿತ್ತು? ಉಸಿರು ನಿಂತ ಕೆಲವೇ ಗಂಟೆಗಳಲ್ಲಿ ಕರುಳಿನ ಸೂಕ್ಷ್ಮಜೀವಿಗಳು ದೇಹವನ್ನು ಒಳಗಿನಿಂದ ಕೊಳೆಯಿಸತೊಡಗುತ್ತವೆ. ಶಾಖ ಮತ್ತು ತೇವ ಅದಕ್ಕೆ ಒತ್ತಾಸೆ. ಕೀವುಗಟ್ಟಿದ ಹುಣ್ಣಿನಿಂದ ಸತ್ತವರ ದೇಹದಲ್ಲಿ ಈ ಕ್ರಿಯೆ ಇನ್ನೂ ತ್ವರಿತ. ಒಣಪುಡಿ ಹೊರಗಿನ ತೇವವನ್ನು ಹೀರಬಲ್ಲದು, ವಾಸನೆಯನ್ನು ಮರೆಸಬಲ್ಲದು. ಒಳಗಿನ ಕೊಳೆಯುವಿಕೆಯನ್ನು ಅದು ತಡೆಯಲಾರದು. ಪ್ರಾಚೀನ ಈಜಿಪ್ಟಿನವರು ಒಳಾಂಗಗಳನ್ನು ತೆಗೆದು, ಸುಮಾರು 40 ದಿನ ಲವಣದಲ್ಲಿ ಒಣಗಿಸಿ ದೇಹವನ್ನು ಉಳಿಸುತ್ತಿದ್ದರು. ಹಂಟರ್ ರಕ್ತನಾಳಗಳ ದಾರಿ ಹಿಡಿದಿದ್ದ. ಈ ಎರಡಕ್ಕೂ ಬಿಡಾರದಲ್ಲಿ ಸಮಯವಿರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಇಸ್ಲಾಮಿನ ಪದ್ಧತಿಯಲ್ಲಿ ಮೃತದೇಹಕ್ಕೆ ಸ್ನಾನ ಮಾಡಿಸಿ, ಕರ್ಪೂರ ಲೇಪಿಸಿ, ಕಫನ್ ಹೊದಿಸಿ ಆದಷ್ಟು ಬೇಗ ಮಣ್ಣುಮಾಡಬೇಕು. ಮೃತನಿಗೆ ಸಲ್ಲಬೇಕಾದ ಈ ಶೀಘ್ರ ವಿದಾಯವನ್ನು ರಾಜ್ಯದ ಹಿತಕ್ಕಾಗಿ ಮುಂದೂಡಬೇಕಾಯಿತು. ಮಂತ್ರಿಗಳಿಗೆ ಬೇಕಾಗಿದ್ದುದು ದೇಹ ಶಾಶ್ವತವಾಗಿ ಉಳಿಯುವುದಲ್ಲ, ಕೋಲಾರ ತಲುಪುವವರೆಗೆ ಗುಟ್ಟು ಬಯಲಾಗದಿರುವುದು. ಡಿಸೆಂಬರಿನ ತಂಪು, ಪಯಣದ ಅಲ್ಪ ದೂರ, ಮುಚ್ಚಿದ ಪೆಟ್ಟಿಗೆ, ಪುಡಿಯ ಪರಿಮಳ, ಇವು ಕೂಡಿ ಅಷ್ಟನ್ನು ಸಾಧಿಸಿದವು. ಕೋಲಾರದಲ್ಲಿ ದೇಹವನ್ನು ತಂದೆಯ ಸಮಾಧಿಯ ಸ್ಥಳದಲ್ಲಿ ಇರಿಸಲಾಯಿತು.

ಬದುಕಿದ್ದಾನೆಂಬ ನಂಬಿಕೆ

ಇತ್ತ ಬಿಡಾರದಲ್ಲಿ ಹೈದರ್ ಬದುಕಿದ್ದಾನೆಂಬಂತೆಯೇ ದಿನಗಳು ನಡೆದವು. ಆಜ್ಞೆಗಳು ಆತನ ಹೆಸರಿನಲ್ಲಿ ಹೊರಟವು. ದಂಡು ಹೊರಡುವಾಗ ಮುಚ್ಚಿದ ಪಲ್ಲಕ್ಕಿಯೂ ಜೊತೆಯಲ್ಲಿ ಸಾಗಿತು. ಗುಟ್ಟು ಪೂರ್ಣವಾಗಿ ನಿಲ್ಲಲಿಲ್ಲ. ಹೈದರನ ಬಂಧುವಾದ ಮಹಮ್ಮದ್ ಅಮೀನ್ ಮತ್ತು ಬಕ್ಷಿ ಶಂಸುದ್ದೀನ್ ಸೇರಿ ಅಬ್ದುಲ್ ಕರೀಮನ ಪರ ಒಳಸಂಚು ಹೂಡಿದರು. ಸುಳಿವು ಸಿಕ್ಕ ಮಂತ್ರಿಗಳು ಅವರನ್ನು ಬಂಧಿಸಿ ದೂರ ಕಳುಹಿಸಿದರು. ಆ ಶಿಕ್ಷೆಯೂ ಹೈದರನ ಅಪ್ಪಣೆಯೆಂದೇ ಹೊರಬಿತ್ತು.

ಸಾವಿನ ಸುದ್ದಿ ಮದರಾಸನ್ನು ತಲುಪಿತಾದರೂ ಜನರಲ್ ಸ್ಟುವರ್ಟ್ ಒಡನೆ ದಂಡೆತ್ತಿ ಹೊರಡಲಿಲ್ಲ. ಮಲಬಾರಿನಿಂದ ಧಾವಿಸಿದ ಟಿಪ್ಪು 1783ರ ಹೊಸ್ತಿಲಿನಲ್ಲಿ ಬಿಡಾರ ಸೇರಿದ. ವೈಭವದ ಸಮಾರಂಭವಿಲ್ಲದೆ, ಸಾದಾ ಜಮಖಾನೆಯ ಮೇಲೆ ಕುಳಿತು ಸರದಾರರನ್ನು ಬರಮಾಡಿಕೊಂಡನೆಂದು ಚರಿತ್ರೆ ಹೇಳುತ್ತದೆ. ಅಧಿಕಾರ ರಕ್ತಪಾತವಿಲ್ಲದೆ ಕೈದಾಟಿತು. ಮುಂದೆ ಹೈದರನ ದೇಹವನ್ನು ಕೋಲಾರದಿಂದ ಶ್ರೀರಂಗಪಟ್ಟಣಕ್ಕೆ ತಂದು, ಟಿಪ್ಪು ಕಟ್ಟಿಸಿದ ಗುಂಬಜಿನಲ್ಲಿ ಮಣ್ಣುಮಾಡಲಾಯಿತು. 1799ರಲ್ಲಿ ಟಿಪ್ಪುವೂ ಅಲ್ಲಿಯೇ ತಂದೆತಾಯಿಯರ ಪಕ್ಕದಲ್ಲಿ ಸಮಾಧಿಯಾದ. ಪೂರ್ಣಯ್ಯ ಟಿಪ್ಪುವಿನ ಕಾಲದ ಬಳಿಕವೂ ಉಳಿದು, ಮುಮ್ಮಡಿ ಕೃಷ್ಣರಾಜ ಒಡೆಯರ ಬಾಲ್ಯದಲ್ಲಿ ಮೈಸೂರಿನ ದಿವಾನನಾದ.

ವಿಲಿಯಂ ಹಂಟರ್ ತೀರಿಕೊಂಡದ್ದು 1783ರ ಮಾರ್ಚಿಯಲ್ಲಿ, ಹೈದರನ ಸಾವಿನ ನಾಲ್ಕು ತಿಂಗಳೊಳಗೆ. ಆತ ಕಲಿಸಿದ ವಿದ್ಯೆ ಪಕ್ವವಾಗಲು ಇನ್ನೂ ನೂರು ವರ್ಷ ಬೇಕಾಯಿತು. ಫಾರ್ಮಾಲ್ಡಿಹೈಡ್‌ಗೆ ದೇಹದ ಅಂಗಾಂಶವನ್ನು ಗಟ್ಟಿಗೊಳಿಸಿ ಕೆಡದಂತೆ ಹಿಡಿದಿಡುವ ಶಕ್ತಿಯಿದೆ ಎಂಬುದನ್ನು ಜರ್ಮನಿಯ ಫರ್ಡಿನಾಂಡ್ ಬ್ಲೂಮ್ 1893ರಲ್ಲಿ ಕಂಡುಕೊಂಡ ಮೇಲೆ ಎಂಬಾಮಿಂಗ್ ಎಲ್ಲೆಡೆ ಹರಡಿತು.

ಮತ್ತೆ ಬಳ್ಳಾರಿಗೆ

ಹೈದರ್ ಗೆದ್ದ ಬಳ್ಳಾರಿ ಮೈಸೂರಿನ ಕೈಯಲ್ಲಿ ಬಹುಕಾಲ ಉಳಿಯಲಿಲ್ಲ. 1792ರ ಒಪ್ಪಂದದಲ್ಲಿ ನಿಜಾಮನಿಗೂ, 1800ರಲ್ಲಿ ಕಂಪನಿಗೂ ಸೇರಿತು. ಅದೇ ಊರಿನಲ್ಲಿ 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಎಲ್ಲ ವೈದ್ಯಕೀಯ ಕಾಲೇಜುಗಳಲ್ಲಿ ಇರುವಂತೆ, ಮೊದಲ ವರ್ಷದ ವಿದ್ಯಾರ್ಥಿಗಳ ಅಂಗರಚನಾ ಪಾಠದಲ್ಲಿ ಎಂಬಾಮಿಂಗ್ ಕೂಡ ಒಂದು. ತೊಡೆಯ ಅಥವಾ ಕುತ್ತಿಗೆಯ ಧಮನಿಯನ್ನು ಬಿಡಿಸಿ, ಅದರೊಳಗೆ ನಳಿಕೆ ಕಟ್ಟಿ, ಫಾರ್ಮಾಲಿನ್, ಗ್ಲಿಸರಿನ್, ಮದ್ಯಸಾರ ಮೊದಲಾದವು ಕೂಡಿದ ಹಲವು ಲೀಟರ್ ದ್ರವವನ್ನು ನಿಧಾನವಾಗಿ ಹರಿಸುವ ಕ್ರಮವನ್ನು ಅವರು ಅರಿಯುತ್ತಾರೆ. ವಾರಸುದಾರರಿಲ್ಲದ ದೇಹಗಳನ್ನೂ ದಾನವಾಗಿ ಬಂದ ದೇಹಗಳನ್ನೂ ಕಾಲೇಜುಗಳಿಗೆ ಒಪ್ಪಿಸಲು ರಾಜ್ಯದಲ್ಲಿ 1957ರ ಅಂಗರಚನಾ ಕಾಯ್ದೆಯಿದೆ. ಸಿರುಗುಪ್ಪ, ಕುರುಗೋಡು ಕಡೆಯ ಮಕ್ಕಳೂ ಇಂದು ವೈದ್ಯರಾಗಬೇಕಾದರೆ ಇದೇ ಪಾಠದಿಂದ ತೊಡಗಬೇಕು.

ದೇಹವನ್ನು ಉಳಿಸಿಕೊಳ್ಳುವ ಕಾರಣ ಈಗ ಬದಲಾಗಿದೆ. ನರಸಿಂಗರಾಯನಪೇಟೆಯಲ್ಲಿ ಪೂರ್ಣಯ್ಯನ ಗುರಿ ಸಾವನ್ನು ಮರೆಮಾಚುವುದಾಗಿತ್ತು. ಕಾಲೇಜಿನ ಮೇಜಿನ ಮೇಲಿನ ದೇಹ ಬದುಕಿರುವವರ ಚಿಕಿತ್ಸೆಗೆ ದಾರಿ ತೋರಿಸುತ್ತದೆ. ಬಳ್ಳಾರಿಯ ಕೋಟೆ ಮಾತ್ರ ಹಾಗೆಯೇ ನಿಂತಿದೆ. ಅದನ್ನು ಹತ್ತುವವರು ಎಂಜಿನಿಯರನ ಐತಿಹ್ಯದ ಜೊತೆಗೆ, ಕೋಟೆ ಕಟ್ಟಿಸಿದವನು ಕೊನೆಗೆ ಖಜಾನೆಯ ಪೆಟ್ಟಿಗೆಯಲ್ಲಿ ಅನಾಮಿಕನಾಗಿ ತಂದೆಯ ಬಳಿಗೆ ಮರಳಿದ ಕಥೆಯನ್ನೂ ನೆನೆಯಬಹುದು.