14ಕ್ಕೆ ವಿಧವೆ, ಮುಂದೆ ಪತ್ರಿಕೆಯ ಸಂಪಾದಕಿ: ನಂಜನಗೂಡು ತಿರುಮಲಾಂಬ

ಪೀಣ್ಯದ ಗಾರ್ಮೆಂಟ್ಸ್‌ಗೆ ಬೆಳಗ್ಗೆ ಬಸ್ ಹಿಡಿಯೋ ಹೆಣ್ಣುಮಕ್ಕಳು, ವೈಟ್‌ಫೀಲ್ಡ್‌ನಲ್ಲಿ ರಾತ್ರಿ ಪಾಳಿ ಮಾಡೋರು ನಂಜನಗೂಡು ತಿರುಮಲಾಂಬ ಅವರ ಕಥೆ ತಿಳಿದಿರಬೇಕು.

1887ರಲ್ಲಿ ಹುಟ್ಟಿದ ಅವರಿಗೆ 10ನೇ ವರ್ಷಕ್ಕೇ ಮದುವೆ, 14ಕ್ಕೆ ವೈಧವ್ಯ. ಬ್ರಿಟಿಷರ ಅಧೀನದ ಮೈಸೂರು ಸಂಸ್ಥಾನದಲ್ಲಿ ಆಗ ಇಂಥ ಹುಡುಗಿಗೆ ಮನೆಯ ಮೂಲೆಯೇ ಗತಿ. ಆದರೆ ವಕೀಲರಾಗಿದ್ದ ತಂದೆ ವೆಂಕಟಕೃಷ್ಣ ಅಯ್ಯಂಗಾರ್ ಮಗಳನ್ನು ಓದಿಗೆ ಹಚ್ಚಿದರು.

1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಶುರು ಮಾಡಿ, ತಾವೇ ಬರೆದ ‘ಸುಶೀಲೆ’ ಕಾದಂಬರಿ ಪ್ರಕಟಿಸಿದರು. ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಹೆಣ್ಣು ಓದಲೇಬೇಕು ಅಂದರು, ಪತಿಭಕ್ತಿಯನ್ನೂ ಬಿಡಲಿಲ್ಲ. ಮುಂದಿನ ತಲೆಮಾರಿಗೆ ಅದು ಹಳತೆನಿಸಿತು. ಅವರು ದಶಕಗಳ ಕಾಲ ಬರೆಯದೇ ಉಳಿದರು. 1982ರಲ್ಲಿ ತೀರಿಕೊಂಡರು.

ಇವತ್ತು ಕನ್ನಡದ ಮೊದಲ ಮಹಿಳಾ ಪ್ರಕಾಶಕಿ, ಸಂಪಾದಕಿ ಅಂದ್ರೆ ಅವರ ಹೆಸರೇ ಮೊದಲು.